ಏನು ಸಾರು ಎಂಬ ಪ್ರಶ್ನೆ

ರಾತ್ರಿ ಎಂಟೂವರೆಗೆ ತರೀಕೆರೆಯ ಆ ಮನೆಯಿಂದ ಬೆಂಗಳೂರಿಗೆ ಫೋನು ಹೋಗದ ದಿನವಿಲ್ಲ. ಮೊದಲು ಮಾತಾಡುವವರು ಅಪ್ಪ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಲೆಕ್ಕದಲ್ಲಿ ಹೇಗೋ ಹಾಗೆ ಮಾತಿನಲ್ಲೂ ಮಿತವ್ಯಯಿ. "ಚೆನ್ನಾಗಿದ್ದೀಯಾ?" ಎಂದು ಕೇಳುತ್ತಾರೆ. "ಹೂಂ ಅಪ್ಪ, ಚೆನ್ನಾಗಿದ್ದೀನಿ" ಎಂದು ಮಗ ಹೇಳುತ್ತಾನೆ. ಅಲ್ಲಿಗೆ ಅವರ ಪಾಲಿನದು ಮುಗಿಯಿತು.

ಆಮೇಲೆ ಫೋನು ಅಮ್ಮನ ಕೈಗೆ. "ಊಟ ಆಯ್ತೇನೋ? ಏನು ಸಾರು?" ಹುಡುಗ ಮೊದಮೊದಲು ಬಾಯಿಗೆ ಬಂದಂತೆ "ಹುಳಿ" ಅಂದುಬಿಡುತ್ತಿದ್ದ. "ಯಾವುದರ ಹುಳಿ?" ಎಂದಾಗ ಒಂದು ಕ್ಷಣ ತಡವರಿಸುತ್ತಿದ್ದ. ಆ ಒಂದು ಕ್ಷಣ ಸಾಕು, ಈವತ್ತು ಊಟವಾಗಿಲ್ಲ ಎಂದು ಅಮ್ಮನಿಗೆ ಗೊತ್ತಾಗುತ್ತಿತ್ತು. "ಚೆನ್ನಾಗಿದ್ದೀಯಾ ಅಂದ್ರೆ ಜಗತ್ತೆಲ್ಲ ಹೂಂ ಅನ್ನತ್ತೆ. ಏನು ಸಾರು ಅಂತ ಕೇಳಬೇಕು" ಎಂಬುದು ಆಕೆಯ ವಾದ.

ಮಗ ಏನು ಕೆಲಸ ಮಾಡುತ್ತಾನೆಂದು ನೆಂಟರಿಗೆ ವಿವರಿಸುವುದೇ ಅಪ್ಪನಿಗೆ ಒಂದು ಸಂಕಟವಾಗಿತ್ತು. ರಾತ್ರಿ ಹತ್ತಕ್ಕೆ ಹೋಗಿ ಬೆಳಿಗ್ಗೆ ಆರಕ್ಕೆ ಬರುವ ಇಂಜಿನಿಯರ್ ಕೆಲಸ ಎಂಥದು? ಹುಡುಗ ಹೇಳುವುದು ಇಷ್ಟೆ: ಊರೂರುಗಳ ಕಚೇರಿಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚು, ರೂಟರುಗಳೆಂಬ ಪೆಟ್ಟಿಗೆಗಳಿವೆ. ಅವು ಸರಿಯಾಗಿವೆಯೇ ಎಂದು ಬೆಂಗಳೂರಿನಲ್ಲಿ ಕುಳಿತೇ ವಿಚಾರಿಸುತ್ತಿರಬೇಕು. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪು ಮಾಡಿದರೆ ದೂರದ ಪೆಟ್ಟಿಗೆ ಉತ್ತರ ಕಳಿಸುತ್ತದೆ.

ಹಾಗೆ ವಿಚಾರಿಸುವುದರಲ್ಲೂ ಎರಡು ಬಗೆ. ಒಂದು, ಅಪ್ಪನ ಬಗೆ. ಅದರ ಹೆಸರು ಪಿಂಗ್. ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದ ಸೈನ್ಯದ ಪ್ರಯೋಗಾಲಯವೊಂದರಲ್ಲಿ 1983ರ ಡಿಸೆಂಬರಿನಲ್ಲಿ ಜಾಲ ವಿಚಿತ್ರವಾಗಿ ಕಾಡುತ್ತಿತ್ತು. ಅದನ್ನು ಕಂಡುಹಿಡಿಯಲು ಮೈಕ್ ಮ್ಯೂಸ್ ಎಂಬ ಪ್ರೋಗ್ರಾಮರ್ ಸುಮಾರು ಸಾವಿರ ಸಾಲಿನ ಈ ಪುಟ್ಟ ಪ್ರೋಗ್ರಾಮನ್ನು ಒಂದೇ ಕೂರಿಕೆಯಲ್ಲಿ ಬರೆದ. ಜಲಾಂತರ್ಗಾಮಿಗಳ ಸೋನಾರ್ ಯಂತ್ರ ಸದ್ದು ಕಳಿಸಿ ಪ್ರತಿಧ್ವನಿಗೆ ಕಾಯುತ್ತದಲ್ಲ, ಆ ಸದ್ದಿನ ಹೆಸರನ್ನೇ ಇದಕ್ಕಿಟ್ಟ. ತಮಾಷೆಯೆಂದರೆ, ಅವನು ಮೊದಲ ಪಿಂಗ್ ಕಳಿಸುವ ಹೊತ್ತಿಗೆ ಕೆಟ್ಟಿದ್ದ ಯಂತ್ರವನ್ನು ಯಾರೋ ಸರಿಮಾಡಿಯಾಗಿತ್ತು. ಮ್ಯೂಸ್ 2000ದ ನವೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನು ಬರೆದ ಪಿಂಗ್ ಇಂದಿಗೂ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳಲ್ಲೂ ಇದೆ. "ಇದ್ದೀಯಾ?" ಎಂದು ಕೇಳುತ್ತದೆ, "ಇದ್ದೀನಿ" ಎಂಬ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ಹೇಳುತ್ತದೆ. ಅದಕ್ಕಿಂತ ಹೆಚ್ಚು ಅದಕ್ಕೆ ತಿಳಿಯದು.

ಇನ್ನೊಂದು, ಅಮ್ಮನ ಬಗೆ. ಅದು ಎಸ್‌ಎನ್‌ಎಂಪಿ. ಜೆಫ್ರಿ ಕೇಸ್ ಮತ್ತು ಮೂವರು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಪ್ರಶ್ನೋತ್ತರದ ನಿಯಮ. ಇಲ್ಲಿ ಪ್ರತಿಯೊಂದು ವಿವರಕ್ಕೂ ಒಂದು ಅಂಕಿಗಳ ವಿಳಾಸವಿದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಜಮೀನನ್ನು ಗುರುತಿಸುವ ಹಾಗೆ. ಎಷ್ಟು ಹೊತ್ತಿನಿಂದ ಓಡುತ್ತಿದ್ದೀಯೆ, ಯಾವ ದಾರಿಯಲ್ಲಿ ಎಷ್ಟು ಮಾಹಿತಿ ಹೋಯಿತು, ಎಷ್ಟು ತಪ್ಪಾಯಿತು ಎಂದು ಬಿಡಿಬಿಡಿಯಾಗಿ ಕೇಳಬಹುದು. 1990ರಲ್ಲಿ ಅಮೆರಿಕದ ಇಂಟರಾಪ್ ಎಂಬ ಮೇಳದಲ್ಲಿ ಜಾನ್ ರಾಮ್ಕಿ ಎಂಬಾತ ಇದೇ ನಿಯಮದಿಂದ ಬ್ರೆಡ್ ಸುಡುವ ಟೋಸ್ಟರನ್ನು ಇಂಟರ್ನೆಟ್ಟಿನ ಮೂಲಕ ನಡೆಸಿ ತೋರಿಸಿದ. ಬ್ರೆಡ್ಡನ್ನು ಒಳಗೆ ಇಡಲು ಮಾತ್ರ ಮನುಷ್ಯನ ಕೈ ಬೇಕಾಯಿತು. ಮರುವರ್ಷ ಆ ಕೆಲಸಕ್ಕೂ ಪುಟ್ಟ ಕ್ರೇನು ಬಂತು.

ಹುಡುಗನ ಕೋಣೆಯಲ್ಲಿ ಒಂದು ಪ್ರೋಗ್ರಾಮು ಐದು ನಿಮಿಷಕ್ಕೊಮ್ಮೆ, ದಿನಕ್ಕೆ 288 ಸಲ, ಪ್ರತಿ ಪೆಟ್ಟಿಗೆಯನ್ನೂ ಹೀಗೆ ಕೇಳುತ್ತದೆ. ಸಂಶಯ ಬಂದರೆ ಹುಡುಗ ಕೈಯಾರೆ ಟೈಪು ಮಾಡಿ ಕೇಳಬೇಕು. ಆರು ತಿಂಗಳ ಪ್ರೊಬೇಷನ್‌ನ ಮೂರನೆಯ ತಿಂಗಳಿನಲ್ಲಿ, ಒಂದು ರಾತ್ರಿ ಎರಡೂವರೆಗೆ, ಅಂಥ ಸಂಶಯ ಬಂತು. ದೂರದೂರಿನ ಒಂದು ಕಚೇರಿಯ ಸ್ವಿಚ್ಚು ಆರಿ ಹೊತ್ತಿಕೊಂಡಿದೆ ಎಂದು ಪ್ರೋಗ್ರಾಮು ಕೂಗಿತು. ಹುಡುಗ ಪಿಂಗ್ ಮಾಡಿದ. ಸ್ವಿಚ್ಚು ಜೀವಂತ. ಎಷ್ಟು ಹೊತ್ತಿನಿಂದ ಓಡುತ್ತಿದ್ದೀಯೆ ಎಂದು ಕೇಳಿದ. "11 ನಿಮಿಷ" ಎಂಬ ಉತ್ತರ ಬಂತು. ಹಳೆಯ ದಾಖಲೆಯಲ್ಲಿ ಅದೇ ಸ್ವಿಚ್ಚು ಒಂದು ವರ್ಷಕ್ಕೂ ಮೀರಿ ನಿಂತಿರಲೇ ಇಲ್ಲ. ಕರೆಂಟು ಹೋಗಿರಬೇಕು, ಯುಪಿಎಸ್ ಕೈಕೊಟ್ಟಿರಬೇಕು ಎಂದು ತೀರ್ಮಾನಿಸಿ ಹಿರಿಯ ಸಹೋದ್ಯೋಗಿಯನ್ನು ಎಬ್ಬಿಸಿದ. ಅವರು ಆ ಊರಿನ ಎಲೆಕ್ಟ್ರಿಷಿಯನ್ನನ್ನು ಎಬ್ಬಿಸಿದರು. ಆತ ಮಳೆಯಲ್ಲಿ ನೆನೆದುಕೊಂಡು ಹೋಗಿ ನೋಡಿದರೆ ಯುಪಿಎಸ್ ಸರಿಯಾಗಿದೆ, ಸ್ವಿಚ್ಚು ತನ್ನಷ್ಟಕ್ಕೆ ಮಿನುಗುತ್ತಿದೆ, ಕರೆಂಟು ಹೋಗಿಯೇ ಇಲ್ಲ.

ಬೆಳಿಗ್ಗೆ ಹಿರಿಯರು ಬೈಯಲಿಲ್ಲ. "ಎರಡನೆಯ ಪ್ರಶ್ನೆ ಕೇಳಿದ್ಯಾ?" ಎಂದರು. ಹುಡುಗ ತಲೆ ತಗ್ಗಿಸಿದ. "ಎಷ್ಟು ಮಾಹಿತಿ ಹೋಗಿದೆ ಅಂತ ಕೇಳಬೇಕಿತ್ತು. ಸ್ವಿಚ್ಚು ನಿಜವಾಗಿ ಆರಿದ್ದರೆ ಆ ಲೆಕ್ಕವೂ ಸೊನ್ನೆಯಿಂದ ಶುರುವಾಗಿರುತ್ತಿತ್ತು. ನೋಡು, ಅದು ನಿನ್ನೆಯಿಂದ ಒಂದೇ ಸಮನೆ ಏರುತ್ತಲೇ ಇದೆ. ಆ ಹೊತ್ತಿನ ಲೆಕ್ಕ ಯಾಕೆ ಸುಳ್ಳು ಹೇಳಿತು ಅನ್ನೋದನ್ನ ನೀನೇ ಕಂಡುಹಿಡಿ" ಎಂದು ಎದ್ದುಹೋದರು. ಈ ಕೆಲಸ ಉಳಿಯುವುದಿಲ್ಲವೆಂದು ಹುಡುಗ ನಿಶ್ಚಯಿಸಿಕೊಂಡ.

ಆ ವಾರದ ರಜೆಗೆ ಊರಿಗೆ ಬಂದವನ ಮುಖ ನೋಡಿಯೇ ಅಪ್ಪ "ಏನಾಯ್ತು?" ಎಂದರು. ಎಂದೂ ಕೆಲಸದ ಮಾತಾಡದ ಹುಡುಗ ಅಂದು ಎಲ್ಲವನ್ನೂ ಹೇಳಿದ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆ ಯಂತ್ರ ಹೊತ್ತನ್ನ ಯಾವುದರಲ್ಲಿ ಎಣಿಸತ್ತೆ?"

"ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಎಣಿಸೋಕೆ 32 ಬಿಟ್ಟಿನ ಜಾಗ."

"ಅಂದ್ರೆ ಎರಡರ 32ನೇ ಘಾತ" ಎನ್ನುತ್ತ ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬರೆದರು: 4,29,49,67,296. ನೂರರಿಂದ ಭಾಗಿಸಿದರು, ಸೆಕೆಂಡುಗಳು ಬಂದವು. ದಿನಕ್ಕೆ 86,400 ಸೆಕೆಂಡು. ಮತ್ತೆ ಭಾಗಿಸಿದರು. 497 ದಿನ, ಮೇಲೆ ಎರಡೂವರೆ ಗಂಟೆಗೆ ತುಸು ಕಡಿಮೆ. "ನಮ್ಮ ಹಳೇ ಸ್ಕೂಟರಿನ ಮೀಟರು 99,999 ಆದ್ಮೇಲೆ ಸೊನ್ನೆಗೆ ಬರ್ತಿತ್ತಲ್ಲ, ಹಾಗೇ ಇದು. ಸ್ಕೂಟರು ಹೊಸದಾಯ್ತು ಅಂತ ನೀನು ತಿಳಕೊಂಡೆ" ಎಂದು ನಕ್ಕರು. ಅಡಿಗೆಮನೆಯಿಂದ ಅಮ್ಮನೂ ನಕ್ಕದ್ದು ಕೇಳಿಸಿತು.

ಅಂದು ತಂದೆ ಮಗ ಮಧ್ಯಾಹ್ನದವರೆಗೆ ಲೆಕ್ಕ ಮಾಡಿದರು. ಹಾದುಹೋದ ಬೈಟುಗಳನ್ನು ಎಣಿಸಲೂ ಮೊದಲು ಅಷ್ಟೇ ಜಾಗವಿತ್ತಂತೆ. ಸೆಕೆಂಡಿಗೆ ನೂರು ಕೋಟಿ ಬಿಟ್ಟು ಹರಿಯುವ ಗಿಗಾಬಿಟ್ ದಾರಿ ತುಂಬಿ ಹರಿದರೆ ಆ ಎಣಿಕೆ ಎಷ್ಟು ಹೊತ್ತಿಗೆ ಸುತ್ತು ಮುಗಿಸುತ್ತದೆ? 34 ಸೆಕೆಂಡು. ಐದು ನಿಮಿಷಕ್ಕೊಮ್ಮೆ ಕೇಳುವವನಿಗೆ ನಡುವೆ ಎಷ್ಟು ಸುತ್ತು ಆಯಿತೆಂದು ತಿಳಿಯುವುದು ಹೇಗೆ? ಅದಕ್ಕೇ ಎಣಿಕೆಗೆ 64 ಬಿಟ್ಟಿನ ಜಾಗ ಕೊಟ್ಟರು. ಈಗ ಅದೇ ವೇಗದಲ್ಲಿ ಒಂದು ಸುತ್ತಿಗೆ 4,600 ವರ್ಷಕ್ಕೂ ಹೆಚ್ಚು ಬೇಕು. "ಅಷ್ಟು ದಿನ ನಿನಗೆ ಪ್ರೊಬೇಷನ್ ಇರಲ್ಲ ಬಿಡು" ಎಂದರು ಅಪ್ಪ. ಮೂವತ್ತೆರಡು ವರ್ಷ ಪಾಠ ಹೇಳುವಾಗ ಈ ಘಾತಸಂಖ್ಯೆಗಳೆಲ್ಲ ಯಾವುದಕ್ಕೆ ಸಾರ್ ಎಂದು ಕೇಳಿದ ಮಕ್ಕಳಿಗೆ ಕೊಡಲಾಗದ ಉತ್ತರ ಆ ಕ್ಯಾಲೆಂಡರ್ ಹಾಳೆಯ ಮೇಲಿತ್ತು. ಅದನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಕೊಂಡರು.

ಹುಡುಗ ಸೋಮವಾರ ಹೋಗಿ ಲೆಕ್ಕ ಒಪ್ಪಿಸಿದ. ಓಡಿದ ಹೊತ್ತು ಇದ್ದಕ್ಕಿದ್ದಂತೆ ಸೊನ್ನೆಯಾದರೆ, ಹಿಂದಿನ ಉತ್ತರ 497 ದಿನದ ಹತ್ತಿರ ಇತ್ತೇ ಎಂದು ಮೊದಲು ನೋಡಿ, ಆಮೇಲೆ ಎರಡನೆಯ ಪ್ರಶ್ನೆ ಕೇಳುವಂತೆ ಪ್ರೋಗ್ರಾಮನ್ನು ತಿದ್ದಿದ. ಹಿರಿಯರು ಓದಿ ನೋಡಿ ತಲೆಯಾಡಿಸಿದರು. ಕೆಲಸ ಉಳಿಯಿತು.

ಆದರೆ ಕೇಳುವ ಅಭ್ಯಾಸ ಕಚೇರಿಯಲ್ಲೇ ಉಳಿಯಲಿಲ್ಲ. ಅದುವರೆಗೆ ಮಗನೂ ಫೋನಿನಲ್ಲಿ "ನೀವು ಚೆನ್ನಾಗಿದ್ದೀರಾ ಅಪ್ಪ?" ಎಂದಷ್ಟೇ ಕೇಳುತ್ತಿದ್ದ. ಅವರೂ "ಹೂಂ" ಎನ್ನುತ್ತಿದ್ದರು. ಅದೂ ಒಂದು ಪಿಂಗ್. ಒಂದು ರಾತ್ರಿ ಪ್ರಶ್ನೆ ಬದಲಾಯಿಸಿದ. "ಅಪ್ಪ, ಬೆಳಿಗ್ಗೆ ವಾಕಿಂಗ್ ಎಲ್ಲಿವರೆಗೆ ಹೋಗಿದ್ರಿ?"

"ಕೆರೆ ಏರಿವರೆಗೆ."

"ಏರಿ ಮೇಲೆ ಯಾರು ಸಿಕ್ಕಿದ್ರು?"

ಅಪ್ಪ ಒಂದು ಕ್ಷಣ ತಡವರಿಸಿದರು. ಅಮ್ಮ ಫೋನು ಕಿತ್ತುಕೊಂಡು ಹೇಳಿದಳು: ಮಂಡಿನೋವೆಂದು ಅವರು ಮನೆಯಿಂದ ಹೊರಗೆ ಹೋಗದೆ ಹದಿನೈದು ದಿನವಾಗಿತ್ತು. ಮಗನಿಗೆ ಹೇಳಬೇಡವೆಂದು ಆಕೆಗೂ ತಾಕೀತು ಮಾಡಿದ್ದರು.

ಆ ಶುಕ್ರವಾರ ರಾತ್ರಿಯ ಬಸ್ಸಿಗೆ ಹುಡುಗ ಟಿಕೆಟ್ ತೆಗೆಸಿದ. ಶನಿವಾರ ಬೆಳಿಗ್ಗೆ ಡಾಕ್ಟರ ಬಳಿಗೆ ಕರೆದುಕೊಂಡು ಹೋದ. ಈಗ ಫೋನಿನಲ್ಲಿ ಅಪ್ಪನದೂ ಎರಡು ಪ್ರಶ್ನೆಗಳಿವೆ, ಮಗನದೂ ಎರಡು. ಅಮ್ಮನದು ಮಾತ್ರ ಅದೇ ಹಳೆಯದು.