ಪೆತ್ರಿಕೀವ್ಕಾದ ಹೂಬಳ್ಳಿ

ದ್ನಿಪ್ರೋ, ಉಕ್ರೇನ್
ಅಕ್ಟೋಬರ್ 2019

ಪ್ರೀತಿಯ ದೊಡ್ಡಮ್ಮಾ,

ನೀನು ಪುಂಡಿ ನಾರಿನಲ್ಲಿ ಚಿತ್ತಾರ ಬರೆಯುತ್ತೀಯಲ್ಲ, ಇಲ್ಲಿ ಪೆತ್ರಿಕೀವ್ಕಾ ಅನ್ನೋ ಹಳ್ಳಿಯವರು ಬೆಕ್ಕಿನ ಕೂದಲಿನ ಕುಂಚದಲ್ಲಿ ಬರೆಯುತ್ತಾರೆ! ಕಾಲೇಜಿಗೆ ರಜೆಯಿತ್ತು, ಗೆಳತಿಯರೆಲ್ಲ ಬಸ್ಸು ಹತ್ತಿ ಹೋಗಿಬಂದೆವು.

ಹಳ್ಳಿಯ ಹುಟ್ಟನ್ನು 1772ಕ್ಕೆ ಹೇಳುತ್ತಾರೆ. ಆಗ ಇದು ಕೊಸಾಕ್ ಯೋಧರ ಸೀಮೆ. 1775ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಕೊಸಾಕರ ಠಾಣ್ಯವನ್ನು ನೆಲಸಮ ಮಾಡಿಸಿದಳು. ಅವರ ಕೊನೆಯ ಮುಖಂಡ ಪೆತ್ರೋ ಕಲ್ನಿಶೇವ್ಸ್ಕಿ ಆಗಲೇ ಹಣ್ಣು ಮುದುಕ. ಉತ್ತರದ ಸೊಲೊವೆಟ್ಸ್ಕಿ ಮಠದ ಸೆರೆಯಲ್ಲಿ ಸುಮಾರು 25 ವರ್ಷ ಕಳೆದ. ಕೇಳಿ ಕರುಳು ಹಿಂಡಿದಂತಾಯಿತು. ಆದರೆ ಠಾಣ್ಯ ಹೋದ ಮೇಲೂ ಈ ಊರಿನವರು ಜಮೀನ್ದಾರರ ಜೀತಕ್ಕೆ ಬೀಳಲಿಲ್ಲ. ಮನೆ ತಮ್ಮದು, ಗೋಡೆ ತಮ್ಮದು. ಚಿತ್ರ ಇಲ್ಲಿ ಇಷ್ಟು ಸೊಂಪಾಗಿ ಬೆಳೆದದ್ದು ಅದರಿಂದಲೇ ಅಂತ ನನಗನ್ನಿಸುತ್ತದೆ.

ಸುಣ್ಣ ಬಳಿದ ಮಣ್ಣಿನ ಗೋಡೆ, ಒಲೆಯ ಸುತ್ತು, ಮದುವೆಯ ಪೆಟ್ಟಿಗೆ, ಎಲ್ಲ ಕಡೆ ಹೂಬಳ್ಳಿ. ಹಿಂದೆ ಗಿಡಮೂಲಿಕೆಯ ಬಣ್ಣಕ್ಕೆ ಮೊಟ್ಟೆಯ ಭಂಡಾರ ಕಲಸುತ್ತಿದ್ದರಂತೆ. ಮೊದಲು ಗೆರೆ ಎಳೆದುಕೊಳ್ಳುವ ಮಾತೇ ಇಲ್ಲ, ಕುಂಚ ಇಟ್ಟರೆ ಇಟ್ಟದ್ದೇ. ಒತ್ತಿಟ್ಟು ಮೆಲ್ಲಗೆ ಎತ್ತಿದರೆ ತುದಿ ಸಣ್ಣಗಾಗುವ ಎಸಳು, ಅದಕ್ಕೆ ಬಾಚಣಿಗೆ ಅಂತ ಹೆಸರು. ತೆಳುವಾಗಿ ಶುರುಮಾಡಿ ಕೊನೆಗೆ ಒತ್ತಿದರೆ ಕಾಳು. ಕಲೀನಾ ಅನ್ನೋ ಕೆಂಪು ಹಣ್ಣಿಗೆ ಕುಂಚವೂ ಬೇಡ, ಬೆರಳ ತುದಿಯೇ ಸಾಕು. ಕೆಲವು ಹೂವುಗಳಂತೂ ಯಾವ ತೋಟದಲ್ಲೂ ಅರಳುವುದಿಲ್ಲ, ಬರೆಯುವವರ ಮನಸ್ಸಿನಲ್ಲೇ ಹುಟ್ಟಿದವು.

ಮತ್ತೆ ಸುಣ್ಣ ಬಳಿದರೆ ಹಳೆಯ ಚಿತ್ರ ಹೋಯಿತು. ಹಾಗಾಗಿ ಕಲೆ ಉಳಿಯಬೇಕಾದದ್ದು ಬರೆಯುವವರ ಕೈಯಲ್ಲೇ. ಆಮೇಲೆ ಕಾಗದದ ಮೇಲೆ ಬರೆದು ಸಂತೆಯಲ್ಲಿ ಮಾರುವುದೂ ಬಂತು. 1932-33ರಲ್ಲಿ ಸ್ಟಾಲಿನ್ ಸರ್ಕಾರ ರೈತರ ಧಾನ್ಯ ಕಿತ್ತುಕೊಂಡಿತು, ಉಕ್ರೇನಿನ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಅದಾಗಿ ಮೂರೇ ವರ್ಷ, 1936ರಲ್ಲಿ ಇಲ್ಲೊಂದು ಚಿತ್ರಶಾಲೆ ಶುರುವಾಯಿತು ದೊಡ್ಡಮ್ಮಾ! ಅಲ್ಲಿ ಪಾಠ ಹೇಳಿದ್ದು ತೆತ್ಯಾನಾ ಪಾತಾ, ಇದೇ ಊರಿನ ಚಿತ್ರಗಾರ್ತಿ. ಅವರ ಶಿಷ್ಯರು ಮುಂದೆ ಹೆಸರಾಂತ ಕಲಾವಿದರಾದರು, ಅವರೂ ಇನ್ನಷ್ಟು ಜನಕ್ಕೆ ಕಲಿಸಿದರು. 2013ರಲ್ಲಿ ಈ ಕಲೆ ಯುನೆಸ್ಕೋ ಪಟ್ಟಿ ಸೇರಿತು. ನನಗೆ ಅದಕ್ಕಿಂತ ಆ ಶಾಲೆಯ ವಿಷಯವೇ ದೊಡ್ಡದು ಅನ್ನಿಸಿತು.

ನಮ್ಮೂರ ಶಾಲೆಯಲ್ಲಿ ವಾರಕ್ಕೊಂದು ದಿನ ನೀನು ಚಿತ್ತಾರ ಹೇಳಿಕೊಡುವ ಹಾಗಾಗಲಿ. ಹೆಡ್‌ಮಾಸ್ತರರ ಹತ್ತಿರ ಮಾತಾಡು ಅಂತ ಅಪ್ಪನಿಗೆ ಬೇರೆ ಬರೆದಿದ್ದೇನೆ. ಶಾಲೆಯವರು ಕರೆಯಲು ಬಂದರೆ, ನನಗೇನು ಬರುತ್ತೆ ಅಂತ ಹೇಳಿ ಕಳಿಸಿಬಿಡಬೇಡ.

ನಿನ್ನ ಮಗಳು