ಕೇಳುವವರ ಸೀಮೆ

ಧಾರವಾಡದ ಬೈಠಕ್‌ಗಳಲ್ಲಿ ಹಾಡುವವರನ್ನು ನೋಡಿದಷ್ಟೇ ಹೊತ್ತು ನಾನು ಕೇಳುವವರನ್ನೂ ನೋಡುತ್ತಾ ಕೂತಿದ್ದೇನೆ. ಗಾಯಕರು ಸುತ್ತಿ ಬಳಸಿ ಬಂದು ತಾಳದ ಮೊದಲ ಮಾತ್ರೆಗೆ, ಸರಿಯಾಗಿ ಸಮ್‌ಗೆ ಇಳಿದಾಗ, ಜಮಖಾನೆಯ ಮೇಲೆ ಕೂತ ಹಿರಿಯರ ಅಂಗೈ ತೊಡೆಯಿಂದ ತಾನಾಗಿಯೇ ಮೇಲೆದ್ದು ಬೀಳುತ್ತದೆ. ಬಾಯಿಂದ ಒಂದು ‘ಆಹಾ’ ಹೊರಡುತ್ತದೆ. ಮರುಗಳಿಗೆ ಅವರು ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರು ಗುರುತಿನವರೇ ಆಗಬೇಕೆಂದಿಲ್ಲ. ಅಂಗಡಿ ಮುಚ್ಚಿ ಬಂದ ಕಿರಾಣಿ ವ್ಯಾಪಾರಿ, ಪಿಂಚಣಿ ಪಡೆಯುವ ಮಾಸ್ತರರು, ಹೊಲದಿಂದ ನೆಟ್ಟಗೆ ಬಂದ ರೈತ, ಯಾರಾದರೂ ಸರಿ, ನೋಟಕ್ಕೆ ನೋಟ ಕೂಡಿಸುತ್ತಾರೆ. ಸಂಗೀತ ಜನರ ಬದುಕಿನಲ್ಲಿ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ನೋಟವನ್ನು.

ನಮ್ಮ ಸೀಮೆಯ ಸಂಗೀತದ ಮಾತು ಬಂದರೆ ಹೆಸರುಗಳು ಸಾಲುಗಟ್ಟಿ ಬರುತ್ತವೆ: ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ. ಇಷ್ಟೊಂದು ಮಂದಿ ಒಂದೇ ಕಡೆ ಹುಟ್ಟಿದ್ದು ನೀರಿನ ಗುಣ, ಮಣ್ಣಿನ ಗುಣ ಎನ್ನುವವರಿದ್ದಾರೆ. ನನಗೆ ಮಣ್ಣಿಗಿಂತ ಮಂದಿಯ ಮೇಲೆ ಹೆಚ್ಚು ನಂಬಿಕೆ. ಕೇಳುವವರು ಇದ್ದುದರಿಂದ ಹಾಡುವವರು ನಿಂತರು. ಹಾಡುವವರು ನಿಂತುದರಿಂದ ಕೇಳುವವರು ಬೆಳೆದರು.

ಹಿಂದೂಸ್ತಾನಿ ಸಂಗೀತ ಇಲ್ಲಿಯ ಬೆಳೆಯಲ್ಲ, ದೂರದಿಂದ ಬಂದದ್ದು. ಉತ್ತರದ ಕೈರಾನಾದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆ ನಿಂತಿದ್ದರು. ಮೈಸೂರು ಅರಮನೆಗೆ ಹಾಡಲು ಹೋಗುವಾಗ, ಬರುವಾಗ ಅವರ ರೈಲಿನ ದಾರಿ ಧಾರವಾಡ, ಹುಬ್ಬಳ್ಳಿಗಳ ಮೇಲೆಯೇ. ಆಗ ಈ ಭಾಗ ಮುಂಬಯಿ ಪ್ರಾಂತದಲ್ಲಿತ್ತು. ಮರಾಠಿ ನಾಟಕ ಕಂಪನಿಗಳು ಬಂದು ಡೇರೆ ಹೊಡೆದರೆ ರಂಗಗೀತೆಗಳ ಜೊತೆಗೆ ರಾಗಗಳೂ ಊರೊಳಗೆ ಇಳಿಯುತ್ತಿದ್ದವು. ರೈಲು ತಂದದ್ದನ್ನು ನಾಟಕ ಹರಡಿತು, ಮಠ ಸಾಕಿತು, ವಾಡೆ ಕೂಡಿಸಿ ಕೇಳಿಸಿತು. ಮುಸ್ಲಿಂ ಉಸ್ತಾದರ ವಿದ್ಯೆ ಬ್ರಾಹ್ಮಣರ ವಾಡೆಗೂ ಲಿಂಗಾಯತ ಮಠಕ್ಕೂ ಹೊಕ್ಕು ಮನೆಯ ಮಾತಾಯಿತು. ಮನಸೂರರ ಕಂಠದಲ್ಲಿ ಹನ್ನೆರಡನೆಯ ಶತಮಾನದ ವಚನ ಖಯಾಲಿನ ರಾಗ ತೊಟ್ಟಿತು. ಭೀಮಸೇನರ ಕಂಠದಲ್ಲಿ ದಾಸರ ಪದಗಳೂ ಹಾಗೆಯೇ ಬೆಳಗಿದವು. ಯಾವುದು ಎಲ್ಲಿಂದ ಬಂತು ಎಂದು ಕೇಳುಗರು ಲೆಕ್ಕ ಹಾಕಲಿಲ್ಲ, ಎಲ್ಲವನ್ನೂ ತಮ್ಮದಾಗಿಸಿಕೊಂಡರು.

ಈ ಬೆರಕೆಯ ರುಚಿ ನೋಡಬೇಕಾದರೆ ಕುಂದಗೋಳಕ್ಕೆ ಹೋಗಬೇಕು. ಸವಾಯಿ ಗಂಧರ್ವರ ಊರು ಅದು. ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಹಾಕಿ, ಹಾಡಿ ಹೆಸರಾದ ಅವರು 1952ರಲ್ಲಿ ತೀರಿಕೊಂಡರು. ಅವರ ಪುಣ್ಯತಿಥಿಯ ನೆನಪಿಗೆ ನಾಡಗೇರ ವಾಡೆಯಲ್ಲಿ ಅಹೋರಾತ್ರಿ ಹಾಡು ನಡೆಯುತ್ತದೆ. ದಪ್ಪ ಕಂಬಗಳ ಹಳೆಯ ವಾಡೆ. ನೆಲದ ಮೇಲೆ ಜಮಖಾನೆ, ಕಂಬಕ್ಕೆ ಆತು ಕೂತ ಮುದುಕರು, ತಾಯಿಯ ತೊಡೆಯ ಮೇಲೆ ನಿದ್ದೆಹೋದ ಮಕ್ಕಳು, ಬಾಗಿಲಾಚೆ ಚಹಾದ ಒಲೆ.

ಅಲ್ಲಿ ನನಗೆ ಹಾಡಿಗಿಂತ ಮೊದಲೇ ಹಬ್ಬ ಶುರುವಾಗುತ್ತದೆ, ತಂಬೂರಿ ಶ್ರುತಿಗೂಡಿಸುವಾಗ. ಶಿಷ್ಯ ತಂಬೂರಿಯನ್ನು ಮಲಗಿಸಿಕೊಂಡು ಬಿರಡೆ ತಿರುವುತ್ತಾನೆ, ತಂತಿಯ ಮೇಲಿನ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾನೆ. ಆಮೇಲೆ ತಂತಿಗೂ ಕುದುರೆಗೂ ನಡುವೆ ಇಟ್ಟ ನೂಲಿನ ಎಳೆಯನ್ನು ಬೆರಳ ತುದಿಯಿಂದ ಆಚೀಚೆ ಸರಿಸುತ್ತಾ ಕಿವಿಗೊಡುತ್ತಾನೆ. ಒಂದು ಜಾಗದಲ್ಲಿ ತಂತಿ ಬರೀ ‘ಟಣ್’ ಎನ್ನುತ್ತದೆ. ಎಳೆ ಇನ್ನೊಂದಿಷ್ಟು ಸರಿಯುತ್ತಲೇ ಅದೇ ತಂತಿ ಝೇಂಕರಿಸತೊಡಗುತ್ತದೆ, ನಾದದೊಳಗಿಂದ ನಾದ ಬಿಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತು ಗುಜುಗುಜು ಎನ್ನುತ್ತಿದ್ದ ವಾಡೆ ತಾನಾಗಿಯೇ ಸುಮ್ಮನಾಗುತ್ತದೆ. ನಾಕು ತಂತಿಗಳು ಕೂಡಿ ನುಡಿಯುವ ಹೊತ್ತಿಗೆ ಹಾಡುವವರಷ್ಟೇ ಅಲ್ಲ, ಕೇಳುವವರೂ ಶ್ರುತಿಗೆ ಬಂದಿರುತ್ತಾರೆ.

ಹಿಂದೊಮ್ಮೆ ಅಲ್ಲಿ ನಾನು ಪಕ್ಕದ ಅಜ್ಜನನ್ನು ‘ಯಾವ ರಾಗರೀ ಇದು?’ ಎಂದು ಕೇಳಿದ್ದೆ. ಅವರು ಕಣ್ಣು ತೆರೆಯದೆ, ‘ತಮ್ಮಾ, ಹೆಸರು ಮುಂಜಾನೆ ಹೇಳ್ತೀನಿ. ಈಗ ಕೇಳು’ ಅಂದರು. ಯಮನದಿಂದ ಮಾಲಕಂಸಕ್ಕೆ, ಮಾಲಕಂಸದಿಂದ ಲಲಿತಕ್ಕೆ ರಾತ್ರಿ ಸರಿಯಿತು. ಭೈರವಿ ಮುಗಿದಾಗ ಬೆಳಕಾಗಿತ್ತು. ಅಜ್ಜ ಚಹಾ ಕುಡಿಯುತ್ತಾ ಒಂದೊಂದೇ ರಾಗದ ಹೆಸರು ಹೇಳಿದರು. ಹೆಸರು ಗೊತ್ತಾಗುವ ಮೊದಲೇ ಅವೆಲ್ಲ ನನ್ನವಾಗಿದ್ದವು.

ಇದೇ ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ವಿದ್ಯೆ ಕಲಿತವರು ಗಂಗೂಬಾಯಿ. ಅವರ ಬದುಕನ್ನು ನೆನೆದಾಗಲೆಲ್ಲ ಸಂಗೀತಕ್ಕೆ ಎಷ್ಟು ಶಕ್ತಿಯಿದೆ ಎಂದು ಮನಸ್ಸು ತುಂಬಿ ಬರುತ್ತದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರನ್ನು ಎಳವೆಯಲ್ಲಿ ಓಣಿಯ ಮಂದಿ ಹಾಡುವವಳೆಂದು ಹಂಗಿಸುತ್ತಿದ್ದರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡುವ ಮಾನ ಆ ಹುಡುಗಿಗೆ ಸಿಕ್ಕಿತು. ಆದರೆ ಊಟದ ಎಲೆ ಎತ್ತಲು ತನಗೇ ಹೇಳುತ್ತಾರೇನೋ ಎಂಬ ಅಂಜಿಕೆ ಆಗ ತಮ್ಮ ಮನಸ್ಸಿನಲ್ಲಿತ್ತೆಂದು ಮುಂದೆ ಅವರೇ ನೆನೆಸಿಕೊಂಡಿದ್ದಾರೆ. ಅದೇ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಇಂದು ಅವರ ಹೆಸರಿನಲ್ಲಿದೆ. ಆ ಗಟ್ಟಿ, ಆಳದ ದನಿಯ ಮುಂದೆ ಕೂತು ಕೇಳಿದ ಸಮಾಜ ತನ್ನ ಸಣ್ಣತನವನ್ನು ಸ್ವಲ್ಪವಾದರೂ ಕಳಚಿಕೊಳ್ಳಬೇಕಾಯಿತು. ಭಾಷಣಕ್ಕೆ ಬಗ್ಗದ ಮನಸ್ಸುಗಳೂ ಆ ಷಡ್ಜಕ್ಕೆ ಬಗ್ಗಿದವು.

ವಾಡೆಗೆ ಬರಲಾರದವರ ಮನೆಗೆ ಸಂಗೀತವೇ ನಡೆದು ಹೋಯಿತು. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿದ ಹುಡುಗ ಭೀಮಸೇನ, ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟೇ ಹೊರಟ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ದೊಡ್ಡ ಗವಾಯಿಗಳು ಅಡುಗೆಮನೆಗೂ ಬಂದರು. ನಮ್ಮ ಅಜ್ಜಿ ರೊಟ್ಟಿ ಬಡಿಯುತ್ತಾ ರೇಡಿಯೋ ಕೇಳುತ್ತಿದ್ದಳು. ಓದು ಬಾರದ ಆಕೆಗೆ ರಾಗದ ಹೆಸರು ಗೊತ್ತಿರಲಿಲ್ಲ. ಆದರೆ ಎಂದಾದರೂ ಸಂಜೆಯ ಹೊತ್ತು ತೋಡಿ ಕೇಳಿಬಂದರೆ, ‘ಇದು ಮುಂಜಾನೆ ಹಾಡಲ್ಲೇನು, ಈಗ್ಯಾಕ ಹಚ್ಯಾರ?’ ಎಂದು ಕೈ ನಿಲ್ಲಿಸುತ್ತಿದ್ದಳು. ಕೇಳಿ ಕೇಳಿಯೇ ಆಕೆ ಅಷ್ಟು ಕಲಿತಿದ್ದಳು.

ಗದಗಿಗೆ ಹೋದರೆ ಸಂಗೀತ ಅನ್ನವೂ ಆಗುವುದನ್ನು ಕಾಣಬಹುದು. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ ಕುಮಾರ ಸ್ವಾಮಿಗಳು ಅವರಿಗೆ ವಿದ್ಯೆ ಕೊಡಿಸಿದರು. ಅವರು ಆ ವಿದ್ಯೆಯನ್ನು ಕಣ್ಣಿಲ್ಲದ ನೂರಾರು ಮಕ್ಕಳಿಗೆ ಹಂಚಿದರು. ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹೀಗೆ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ತಾವೂ ದೃಷ್ಟಿಹೀನರಾಗಿದ್ದ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರ ಹೊತ್ತು, ನಾಟಕ ಕಂಪನಿ ನಡೆಸಿ, 2010ರಲ್ಲಿ ತೀರಿಕೊಳ್ಳುವವರೆಗೂ ದಾಸೋಹ ಮುಂದುವರಿಸಿದರು. ಊಟ, ವಸತಿ, ವಿದ್ಯೆ ಎಲ್ಲ ಅಲ್ಲಿ ಉಚಿತ, ಜಾತಿ ಕೇಳುವವರಿಲ್ಲ. ಶ್ರಾವಣ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ಪ್ರವಚನಕಾರರ ಒಂದು ಮಗ್ಗುಲಿಗೆ ಪೇಟಿ ಹಿಡಿದ ಗವಾಯಿ, ಇನ್ನೊಂದು ಮಗ್ಗುಲಿಗೆ ತಬಲಾದವರು. ಎಷ್ಟೋ ಸಲ ಆ ಗವಾಯಿ ಗದಗಿನ ಆಶ್ರಮದಲ್ಲಿ ಕಲಿತವರೇ. ಮನೆಗೆ ಭಾರವೆನಿಸಿಕೊಂಡಿದ್ದ ಹುಡುಗನನ್ನು ‘ಬರ್ರಿ ಗವಾಯಿಗಳ’ ಎಂದು ಊರವರು ಕೈಹಿಡಿದು ವೇದಿಕೆಗೆ ಕರೆದುಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ವಿದ್ಯೆ ಮನುಷ್ಯನಿಗೆ ಇದಕ್ಕಿಂತ ದೊಡ್ಡದೇನು ಕೊಟ್ಟೀತು?

ಈಗ ಹಾಡು ಎಲ್ಲರ ಜೇಬಿನಲ್ಲಿದೆ, ಬೇಕೆಂದಾಗ ಕೇಳಬಹುದು. ಮನಸೂರರ ಹಳೆಯ ಮುದ್ರಿಕೆಗಳು ಹೀಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಆದರೆ ಕಿವಿಯಲ್ಲಿ ಯಂತ್ರ ಸಿಕ್ಕಿಸಿಕೊಂಡು ಒಬ್ಬರೇ ಕೇಳುವಾಗ ಮುಖ ಎತ್ತಿ ನೋಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಈ ಸೀಮೆಯ ಸಂಗೀತವನ್ನು ಸಾಕಿದ್ದು ಕೂಡಿ ಕೇಳುವ ರೂಢಿ. ಆದ್ದರಿಂದ ನನ್ನದೊಂದು ವಿನಂತಿ: ನಿಮ್ಮ ಊರಲ್ಲಿ ಎಲ್ಲಾದರೂ ಬೈಠಕ್ ಇದ್ದರೆ, ಭಜನೆ ಇದ್ದರೆ, ಶ್ರಾವಣದ ಪುರಾಣ ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಜಮಖಾನೆಯ ಮೇಲೆ ಕೂಡಿರಿ. ಅವರು ಗಾಯಕರಾಗಲೇಬೇಕೆಂದಿಲ್ಲ. ಒಳ್ಳೆಯ ಕೇಳುಗರಾದರೆ ಸಾಕು, ಹಾಡುವವರು ಹುಟ್ಟಿಯೇ ಹುಟ್ಟುತ್ತಾರೆ.