ಕಟ್ಟು ಹಾಕಿಸಿದ ದೇವರು

ನಮ್ಮ ಕಡೆ ದೇವರು ಬರುವುದು ಡಿಸೆಂಬರ್ ಕೊನೆಯ ವಾರದಲ್ಲಿ, ಸುರುಳಿ ಸುತ್ತಿಕೊಂಡು, ನಡುವಿಗೊಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು. ತೊಗರಿ ರಾಶಿ ಮುಗಿದು ಸೇಡಂನ ಅಡತ್ ಅಂಗಡಿಗಳ ಮುಂದೆ ಚೀಲಗಳು ಬಂದು ಬೀಳುವ ಹೊತ್ತಿಗೆ ಆತನೂ ಗಲ್ಲಾಪೆಟ್ಟಿಗೆಯ ಹಿಂದೆ ರಾಶಿಯಾಗಿ ಬಂದು ಕೂತಿರುತ್ತಾನೆ. ರೈತ ಪಟ್ಟಿ ಬರೆಸಿ, ರೊಕ್ಕ ಎಣಿಸಿ ಅಂಗಿಯ ಒಳಜೇಬಿಗೆ ಇಳಿಸಿ, ಏಳುವ ಮುಂದೆ "ಸಾವ್ಕಾರ್ರ, ಕ್ಯಾಲೆಂಡರ್ ಕೊಡ್ರಿ" ಅನ್ನುತ್ತಾನೆ. ತೂಕದಲ್ಲಿ ಒಂದೆರಡು ಕಿಲೋ ಹಿಂದುಮುಂದಾದರೂ ಸುಮ್ಮನಿದ್ದವನು, ಕ್ಯಾಲೆಂಡರ್ ಖಾಲಿಯಾಗಿದೆ ಅಂದರೆ ಮಾತ್ರ ಜಗಳಕ್ಕೆ ನಿಲ್ಲುತ್ತಾನೆ.

ನನ್ನ ಸೋದರಮಾವನದು ಅಂಥದೊಂದು ಅಂಗಡಿ. ದಸರೆಯ ಆಸುಪಾಸಿನಲ್ಲಿ ಸೊಲ್ಲಾಪುರದ ಕಡೆಯಿಂದ ಏಜೆಂಟನೊಬ್ಬ ನಮೂನೆ ಚಿತ್ರಗಳ ದಪ್ಪ ಆಲ್ಬಂ ಹೊತ್ತು ಬರುತ್ತಿದ್ದ. ಅದನ್ನು ಗಾದಿಯ ಮೇಲೆ ಬಿಚ್ಚಿದರೆ ಹಮಾಲರು, ಗುಮಾಸ್ತ, ಚಹದ ಹುಡುಗ ಎಲ್ಲರೂ ಸುತ್ತ ನೆರೆಯುವರು. ಹಿಮದ ಗುಡ್ಡ, ಗುಲಾಬಿ ಹಿಡಿದ ಮಗು, ಸ್ವಿಟ್ಜರ್ಲೆಂಡಿನ ಹಸು, ಇವನ್ನೆಲ್ಲ ಮಾಮಾ ಸರಸರ ಮಗುಚಿ ಹಾಕುತ್ತಿದ್ದ. ಅವನ ಲೆಕ್ಕ ಸರಳ: "ಸೀನರಿ ಕೊಟ್ರ ಜೂನ್ ತಿಂಗಳದಾಗ ಹುಡುಗ್ರ ಪುಸ್ತಕಕ್ಕ ಕವರ್ ಆಗ್ತದ. ಲಕ್ಷ್ಮಿ ಕೊಟ್ರ ಮನಿ ಒಳಗ ಉಳೀತಾಳ. ಅಕೀ ಉಳದ್ರ ಕೆಳಗ ನಮ್ಮ ಹೆಸರೂ ಉಳೀತದ." ಆ ಹೆಸರಾದರೂ ಎಂಥದು! ಚಿತ್ರದ ಕೆಳಗೆ ಅಂಗೈ ಅಗಲದ ಬಿಳಿ ಪಟ್ಟಿ. ಅದರಲ್ಲಿ ಕೆಂಪು ಮಸಿಯಲ್ಲಿ ಮಾಮಾನ ಹೆಸರು, ಅವರಪ್ಪನ ಹೆಸರು, ಜನರಲ್ ಮರ್ಚಂಟ್ಸ್ ಅಂಡ್ ಕಮಿಷನ್ ಏಜೆಂಟ್ಸ್, ಗಂಜ್, ಸೇಡಂ. ಅದರ ಮೇಲೆ, ಲಕ್ಷ್ಮಿಯ ಸೀರೆಯ ಅಂಚಿಗೋ ಕೃಷ್ಣನ ಕಾಲಬಳಿಯ ಹುಲ್ಲಿಗೋ ಅಂಟಿಕೊಂಡು, ಇರುವೆ ಸಾಲಿನಷ್ಟು ಸಣ್ಣದಾಗಿ ಇಂಗ್ಲಿಷಿನಲ್ಲಿ ಇನ್ನೊಂದು ಹೆಸರು. ಎಲ್ಲ ಕ್ಯಾಲೆಂಡರಿನಲ್ಲೂ ಒಂದೇ ಹೆಸರು ಇರುತ್ತಿರಲಿಲ್ಲ. ಆದರೆ ಯಾವುದರಲ್ಲಿ ದೇವರ ಕೆನ್ನೆಯ ಮೇಲೆ ಬೆಳಕು ಬೇರೆಯೇ ಥರ ಬಿದ್ದಿರುತ್ತಿತ್ತೋ ಅದರಲ್ಲಿ ಹುಡುಕಿದರೆ ಎಸ್.ಎಂ. ಪಂಡಿತ್ ಎಂದಿರುತ್ತಿತ್ತು.

ವರ್ಷ ಮುಗಿದ ಮೇಲೆ ನಮ್ಮವ್ವ ತಾರೀಖಿನ ಹಾಳೆಗಳನ್ನು ಕಿತ್ತು, ಚಿತ್ರವನ್ನಷ್ಟೇ ಉಳಿಸಿಕೊಂಡು ವಾಡಿಯ ಬಜಾರಿಗೆ ಹೊರಡುತ್ತಿದ್ದಳು. ನಾವಿದ್ದದ್ದು ಅಲ್ಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಬಜಾರಿನಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಚಾಚಾ ಒಬ್ಬರಿದ್ದರು. ಮಕ್ಕಾ ಮದೀನಾ, ಶರಣಬಸಪ್ಪ, ಸಾಯಿಬಾಬಾ, ತೀರಿಕೊಂಡ ಯಾರದೋ ಅಜ್ಜ, ಎಲ್ಲರೂ ಅವರ ಅಂಗಡಿಯ ಗೋಡೆಯ ಮೇಲೆ ಗಾಜಿನ ಹಿಂದೆ ಒಗ್ಗಟ್ಟಿನಿಂದಿದ್ದರು. ಚಾಚಾನ ಬಳಿ ಕಟ್ಟಿನ ಅಳತೆ ಮೂರೇ. ಕ್ಯಾಲೆಂಡರಿನವರದು ಯಾವಾಗಲೂ ಅದಕ್ಕಿಂತ ನಾಲ್ಕು ಬೆರಳು ಉದ್ದ. ಅವರು ಚಿತ್ರವನ್ನು ಪರ್ಸಿ ಕಲ್ಲಿನ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಕಬ್ಬಿಣದ ಪಟ್ಟಿ ಇಟ್ಟು, ಬ್ಲೇಡು ಎಳೆಯುತ್ತಿದ್ದರು. ಮೊದಲ ಏಟಿಗೆ ಮಾಮಾನ ಅಂಗಡಿ ಹೋಗುತ್ತಿತ್ತು. ಎತ್ತಿ ಕಟ್ಟಿಗೆ ಹಿಡಿದು ನೋಡಿ, ಇನ್ನೂ ಹೆಚ್ಚಾಯಿತೆಂದು ಮತ್ತೊಂದು ಬೆರಳು ಕೊಯ್ಯುತ್ತಿದ್ದರು. ಆಗ ಕೃಷ್ಣನ ಕಾಲಬಳಿಯ ಹುಲ್ಲೂ ಹೋಗುತ್ತಿತ್ತು, ಹುಲ್ಲಿನಲ್ಲಿದ್ದ ಪಂಡಿತರೂ.

"ಚಾಚಾ, ಹೆಸರು ಹೋಯ್ತಲ್ಲ" ಅಂದೆ ಒಮ್ಮೆ.

"ಯಾರ್ದು? ನಿಮ್ಮ ಮಾಮಾಂದಾ?"

"ಅಲ್ರಿ, ಚಿತ್ರ ತೆಗದವರದು."

ಚಾಚಾ ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ಅವರಿಗೇನ್ ಊದಿನಕಡ್ಡಿ ಬೆಳಗ್ತೀರೇನ್?"

ಊದಿನಕಡ್ಡಿಗೆ ಹೆಸರು ಬೇಕಿಲ್ಲ, ಅದು ನಿಜ. ಆದರೆ ಆ ಕೊಯ್ದ ಪಟ್ಟಿಯ ಮನುಷ್ಯ ಎಲ್ಲಿಯೋ ಶಿವಕಾಶಿಯವನೋ ಬಂಗಾಲದವನೋ ಅಲ್ಲ, ನಮ್ಮ ಹಳಿಯ ಮೇಲೇ ವಾಡಿಯಿಂದ ಸ್ವಲ್ಪ ಮುಂದಿನ ಊರಿನವರು ಎಂದು ಗೊತ್ತಾದಾಗ ನನಗೆ ಮೀಸೆ ಬಂದಿದ್ದವು. ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ನಿಜಾಮರ ಆಳ್ವಿಕೆಯ ಕಲಬುರಗಿಯಲ್ಲಿ. ಹರೆಯದಲ್ಲೇ ಮುಂಬಯಿ ಸೇರಿ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತರು. ದೇವರಿಗಿಂತ ಮೊದಲು ಅವರಿಗೆ ಅನ್ನ ಹಾಕಿದ್ದು ಸಿನಿಮಾ. ಮೆಟ್ರೋ ಟಾಕೀಸಿಗೆ ಬರುತ್ತಿದ್ದ ಎಂ.ಜಿ.ಎಂ. ಕಂಪನಿಯ ಹಾಲಿವುಡ್ ಚಿತ್ರಗಳಿಗೆ ಷೋ ಕಾರ್ಡು ಬರೆದರು; ಬಾಬೂರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆಗೆ ಮುಖಪುಟ ಬರೆದರು. ಆಮೇಲೆ ಕ್ಯಾಲೆಂಡರಿಗೆ ಬಂದರು. ಪಾರ್ಲೆ ಬಿಸ್ಕತ್ತಿನವರ ಕ್ಯಾಲೆಂಡರಿನಲ್ಲಿ ಅವರ ರಾಧಾಕೃಷ್ಣರು ದೇಶ ಸುತ್ತಿದರು.

ಇದು ಗೊತ್ತಾದ ಮೇಲೆ ಆ ಬೆಳಕಿನ ಗುಟ್ಟೂ ತಿಳಿಯಿತು. ರವಿವರ್ಮನ ದೇವತೆಗಳು ಹಗಲು ಬೆಳಕಿನಲ್ಲಿ ನಿಲ್ಲುತ್ತಾರೆ, ಅರಮನೆಯಲ್ಲಿ ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ ಮೈ ಬಿಗಿಹಿಡಿದು. ಪಂಡಿತರ ದೇವತೆಗಳಿಗೆ ಬೆಳಕು ಪಕ್ಕದಿಂದ, ಇಲ್ಲವೇ ಬೆನ್ನಹಿಂದಿನಿಂದ ಬರುತ್ತದೆ. ಕೂದಲಿನ ಅಂಚು ಹೊಳೆಯುತ್ತದೆ, ಒಂದು ಕೆನ್ನೆ ಕೆಂಪಗೆ, ಇನ್ನೊಂದು ನೀಲಿ ನೆರಳಿನಲ್ಲಿ. ಅದು ಸ್ಟುಡಿಯೋ ದೀಪದ ಬೆಳಕು. ಹಾಲಿವುಡ್ ನಾಯಕಿಯ ಮೇಲೆ ಬೀಳುತ್ತಿದ್ದ ದೀಪವನ್ನು ಅವರು ತಂದು ದಮಯಂತಿಯ ಮೇಲೆ, ಮೇನಕೆಯ ಮೇಲೆ ತಿರುಗಿಸಿದರು. ಅವರ ಕೃಷ್ಣನ ತೋಳು ನೋಡಿದರೂ ಸಾಕು, ಬೆಣ್ಣೆ ತಿಂದು ಬೆಳೆದ ತೋಳಲ್ಲ, ಗರಡಿಯಲ್ಲಿ ಬೆಳೆದದ್ದು. ಚಿಂಚೋಳಿಯ ನಮ್ಮ ಅತ್ತೆಯ ಮನೆಯಲ್ಲಿ ವಿಶ್ವಾಮಿತ್ರ-ಮೇನಕೆಯ ಕ್ಯಾಲೆಂಡರೊಂದು ಬಂದಿತ್ತು. ಪುರಾಣದ ಚಿತ್ರವಾದ್ದರಿಂದ ಹರಿಯುವಂತಿಲ್ಲ, ಮೇನಕೆ ಹಾಗಿದ್ದಾಳಾದ್ದರಿಂದ ಪಡಸಾಲೆಯಲ್ಲಿ ಹಾಕುವಂತಿಲ್ಲ. ಅತ್ತೆ ಅದನ್ನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದಳು. ಆ ವರ್ಷ ಮನೆಯ ಗಂಡಸರೆಲ್ಲ ತಮ್ಮ ಅಂಗಿ ತಾವೇ ತೆಗೆದುಕೊಳ್ಳುವುದನ್ನು ಕಲಿತರು.

ಪಂಡಿತರು ಕೊನೆಗೆ ಕಲಬುರಗಿಗೇ ಮರಳಿದರು, 1993ರಲ್ಲಿ ತೀರಿಕೊಂಡರು. ಜಿಲ್ಲಾ ಕೇಂದ್ರದ ದೊಡ್ಡ ರಂಗಮಂದಿರಕ್ಕೆ ಈಗ ಅವರ ಹೆಸರಿದೆ. ನಾಟಕ, ಸನ್ಮಾನ, ಪುಸ್ತಕ ಬಿಡುಗಡೆ, ನಿವೃತ್ತಿಯ ಬೀಳ್ಕೊಡುಗೆ ಎಲ್ಲಕ್ಕೂ ಅದೇ ಜಾಗ. ಹಾಗಾಗಿ ಅವರ ಹೆಸರು ಎಲ್ಲರ ಬಾಯಲ್ಲಿದೆ, "ಪಂಡಿತ ರಂಗಮಂದಿರದ ಎದುರ್ಗಿ ಇಳಸ್ರಿ" ಎಂದು ಆಟೋದವನಿಗೆ ಹೇಳುವ ಮಟ್ಟಿಗೆ. ಚಿತ್ರ ಒಂದು ಕಡೆ, ಹೆಸರು ಇನ್ನೊಂದು ಕಡೆ. ಎರಡನ್ನೂ ಒಂದೇ ಮೊಳೆಗೆ ನೇತುಹಾಕಿದವರು ಕಡಿಮೆ. ಮುದ್ರಣದಲ್ಲಷ್ಟೇ ಕಂಡವರು ಅವರ ಕುಂಚದ ಮೂಲ ಕೆಲಸವನ್ನು ಒಮ್ಮೆ ನೋಡಬೇಕು. ಕ್ಯಾಲೆಂಡರಿನಲ್ಲಿ ಸಕ್ಕರೆಯಷ್ಟು ಸಿಹಿಯಾಗಿ ಕಾಣುವ ಬಣ್ಣ ಅಲ್ಲಿ ಹಾಗಿಲ್ಲ. ಆಭರಣದ ಮುತ್ತೊಂದು ಹತ್ತಿರ ಹೋದರೆ ಬರೀ ಎರಡು ಚುಕ್ಕೆ, ಒಂದು ಬೂದು, ಒಂದು ಬಿಳಿ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮತ್ತೆ ಮುತ್ತು.

ಚಾಚಾನ ಬ್ಲೇಡಿನ ನೆನಪು ನನಗೆ ಬಲವಾಗಿ ಆದದ್ದು ಸನ್ನತಿಯಲ್ಲಿ. ಚಿತ್ತಾಪುರ ತಾಲೂಕಿನ ಈ ಊರಿಗೆ ನಮ್ಮವ್ವನ ಜತೆ ಹೋಗುತ್ತಿದ್ದದ್ದು ಚಂದ್ರಲಾಂಬೆಯ ದರ್ಶನಕ್ಕೆ. ಭೀಮೆಯಲ್ಲಿ ಮಿಂದು, ಉಡಿ ತುಂಬಿ, ಹೋಳಿಗೆ ಬುತ್ತಿ ಬಿಚ್ಚುವುದು. ಅಷ್ಟೇ ನಮ್ಮ ಇತಿಹಾಸ. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿ ನಿಂತಿದ್ದ ಕಲ್ಲನ್ನು ಎತ್ತಿ ನೋಡಿದರೆ ಎರಡೂ ಮಗ್ಗುಲಿಗೆ ಬ್ರಾಹ್ಮಿ ಲಿಪಿ. ಅಶೋಕನ ಶಾಸನ! ಅದೂ ಸಾಮಾನ್ಯದ್ದಲ್ಲ, ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದಿದ್ದ ಎರಡು ಪ್ರತ್ಯೇಕ ಶಾಸನಗಳು ಅದರಲ್ಲಿದ್ದವು. ಆದರೆ ಕಾಳಿಯನ್ನು ಕೂರಿಸಿದ ಪುಣ್ಯಾತ್ಮರು ಮೂರ್ತಿಯ ಬುಡ ಸಿಕ್ಕಿಸಲೆಂದು ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದರು. ಸಾಲುಗಳ ಹೊಟ್ಟೆಯೇ ಹೋಗಿದೆ. ವಿದ್ವಾಂಸರು ಅದನ್ನು ನೋಡಿ ಮರುಗಿದ್ದಾರೆ. ನನಗೆ ಮಾತ್ರ ಆ ಶಿಲ್ಪಿಯ ಮೇಲೆ ಸಿಟ್ಟು ಬರುವುದಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಗಟ್ಟಿ ಚಪ್ಪಡಿ. ಅಳತೆಗೆ ತಕ್ಕ ಹಾಗೆ ಕೊಯ್ದ. ಆ ಕೊಯ್ದದ್ದರಿಂದಲೇ ಅದು ನೂರಾರು ವರ್ಷ ಗುಡಿಯೊಳಗೆ ಪೂಜೆಯ ಕೆಳಗೆ ಉಳಿಯಿತು. ಇಲ್ಲವಾಗಿದ್ದರೆ ಯಾರದೋ ಹೊಲದ ಬದುವಿಗೋ ಅಗಸಗಲ್ಲಿಗೋ ಹೋಗುತ್ತಿತ್ತು.

ಹತ್ತಿರದಲ್ಲೇ ಕನಗನಹಳ್ಳಿ. 1994ರಿಂದ ಪುರಾತತ್ವದವರು ಅಲ್ಲಿ ಅಗೆದು ದೊಡ್ಡ ಬೌದ್ಧ ಸ್ತೂಪವನ್ನೇ ಹೊರತೆಗೆದರು. ನಮ್ಮ ಕಡೆಯದೇ ಸುಣ್ಣಗಲ್ಲು. ನಮ್ಮ ಮನೆಯ ಅಡುಗೆಮನೆ, ಬಚ್ಚಲು, ಚಾಚಾನ ಅಂಗಡಿ ಎಲ್ಲದರ ನೆಲಕ್ಕೂ ಹಾಸಿದ್ದ ಶಹಾಬಾದಿನ ಕಲ್ಲಿನ ಒಡಹುಟ್ಟು. ಪದರ ಪದರವಾಗಿ ಏಳುವ ಈ ಕಲ್ಲನ್ನು ನಾವು ಕಾಲಕೆಳಗೆ ಹಾಕಿಕೊಂಡೆವು. ಸುಮಾರು ಎರಡು ಸಾವಿರ ವರ್ಷದ ಹಿಂದಿನವರು ಎದೆಯೆತ್ತರಕ್ಕೆ ನಿಲ್ಲಿಸಿ ಅದರ ಮೇಲೆ ಕಥೆ ಕೆತ್ತಿದರು. ಒಂದು ಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಛತ್ರಿ ಚಾಮರ ಹಿಡಿದವರು. ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದು ಬರೆದಿದೆ. ಹೆಸರಿನ ಸಮೇತ ಅಶೋಕನ ರೂಪ ಸಿಕ್ಕ ಜಾಗವೆಂದು ಕನಗನಹಳ್ಳಿ ಲೋಕಕ್ಕೆಲ್ಲ ಗೊತ್ತಾದದ್ದು ಈ ಅಕ್ಷರಗಳಿಂದಲೇ.

ಕೆತ್ತಿದವನು ಅಶೋಕನನ್ನು ಕಂಡವನಲ್ಲ. ರಾಜ ಸತ್ತು ಇನ್ನೂರು ವರ್ಷದ ಮೇಲಾಗಿತ್ತು. ಪಂಡಿತರು ಕೃಷ್ಣನನ್ನು ಕಂಡಿದ್ದರೇ? ಆದರೆ ಕೃಷ್ಣನಿಗೆ ಕೊಳಲಿದೆ, ಹೆಸರು ಬರೆಯಬೇಕಿಲ್ಲ. ರಾಜನಿಗೆ ಬರೆಯದಿದ್ದರೆ ಯಾವ ರಾಜನೋ ಏನೋ. ಸ್ತೂಪದಲ್ಲಿ ಇನ್ನೂ ಸಾತವಾಹನರ ಹೆಸರುಗಳಿವೆ, ಜಾತಕ ಕಥೆಗಳ ಹೆಸರುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ದಾನ ಕೊಟ್ಟವರ ಹೆಸರುಗಳಿವೆ: ಇಂಥ ಕಂಬ ಇಂಥವರ ದಾನ, ಈ ಚಪ್ಪಡಿ ಇಂಥವರ ದಾನ. ಅವನ್ನು ಓದಿ ಹೇಳಿಸಿಕೊಂಡಾಗ ನನಗೆ ಕಂಡದ್ದು ಮಾಮಾನ ಕೆಂಪು ಅಕ್ಷರಗಳೇ. ಜನರಲ್ ಮರ್ಚಂಟ್ಸ್ ಅಂಡ್ ಕಮಿಷನ್ ಏಜೆಂಟ್ಸ್, ಎರಡು ಸಾವಿರ ವರ್ಷ ಹಿಂದೆ. ಅಲ್ಲಿ ಬ್ಲೇಡು ಹಾಕುವ ಚಾಚಾ ಇರಲಿಲ್ಲವಾದ್ದರಿಂದ ಅವರೆಲ್ಲ ಉಳಿದರು.

ನಮ್ಮ ನಾಡಿನಲ್ಲಿ ಕಲ್ಲುಕುಟಿಗರು ರುಜು ಹಾಕುವುದಕ್ಕೆ ನಾಚಿದವರಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಮತ್ತೆ ಮತ್ತೆ ಕೆತ್ತಿದ್ದಾನೆ. ಪಂಡಿತರ ಸಣ್ಣ ರುಜು ಆ ಮನೆತನದ್ದು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು. ಕಾಗಿಣೆಯ ದಂಡೆಯ ಆ ಕೋಟೆಯಲ್ಲಿ ಅಡ್ಡಾಡುವಾಗ ನೃಪತುಂಗನ ಹೆಸರು ಹೇಳಲು ಹತ್ತು ಜನ ಸಿಗುತ್ತಾರೆ. ಈ ಕಲ್ಲು ಜೋಡಿಸಿದವನ ಹೆಸರು ಕೇಳಿದರೆ ನಗುತ್ತಾರೆ. ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಈಗ ಕ್ಯಾಲೆಂಡರ್ ಕೊಡುವ ಅಡತ್‌ಗಳೂ ಕಡಿಮೆಯಾದವು. ಕೊಟ್ಟರೂ ಬರೀ ತಾರೀಖು, ರಾಹುಕಾಲ, ಮೇಲೆ ಸಾವ್ಕಾರರ ಮಗನದೇ ಫೋಟೋ. ದೇವರು ಫ್ಲೆಕ್ಸಿಗೆ ಹೋಗಿದ್ದಾನೆ. ಹೋದ ವರ್ಷ ನಾಗಾವಿ ಯಲ್ಲಮ್ಮನ ಜಾತ್ರೆಗೆಂದು ಓಣಿಯ ಹುಡುಗರು ಬ್ಯಾನರ್ ಮಾಡಿಸಲು ಚಿತ್ತಾಪುರದ ಫ್ಲೆಕ್ಸ್ ಅಂಗಡಿಗೆ ಹೊರಟಾಗ, ಕಾಗುಣಿತ ನೋಡಲು ಹಿರಿಯರೊಬ್ಬರು ಇರಲಿ ಎಂದು ನನ್ನನ್ನೂ ಕರೆದೊಯ್ದರು. ಕಂಪ್ಯೂಟರಿನ ಮುಂದೆ ಕೂತ ಹುಡುಗ ದೇವಿಯ ಚಿತ್ರವೊಂದನ್ನು ಎಳೆದು ಹಾಕಿದ. ನಾನು ಕನ್ನಡಕ ಏರಿಸಿ ಬಗ್ಗಿದೆ. ಕೂದಲಿನ ಅಂಚಿಗೆ ಬೆಳಕು, ಒಂದು ಕೆನ್ನೆ ಕೆಂಪು, ಇನ್ನೊಂದು ನೀಲಿ. ಪಂಡಿತರದೋ, ಅವರನ್ನು ನೋಡಿ ಕಲಿತವರದೋ, ಮೂಲೆಯಲ್ಲಿ ಏನೂ ಇರಲಿಲ್ಲ.

"ಇದು ಯಾರ್ ತೆಗದದ್ದು ತಮ್ಮಾ?"

"ಗೂಗಲ್‌ದು ರೀ ಸರ್."

ಆಮೇಲೆ ಮುಖಂಡರು ಬರತೊಡಗಿದರು. ಎಮ್ಮೆಲ್ಲೆ, ಮಾಜಿ, ತಾಲೂಕು ಪಂಚಾಯಿತಿಯವರು, ಯುವ ಮುಖಂಡ, ಯುವ ಮುಖಂಡನ ಗೆಳೆಯ. ಒಬ್ಬೊಬ್ಬರು ಬಂದಂತೆ ದೇವಿ ಕುಗ್ಗುತ್ತ ಹೋದಳು. ಕೊನೆಗೆ ಹುಡುಗ ಅವಳ ಪಾದ ಕೊಯ್ದ, ತ್ರಿಶೂಲದ ತುದಿ ಕೊಯ್ದ, ಪ್ರಭಾವಳಿ ಅರ್ಧ ಕೊಯ್ದ. ಬಲಮೂಲೆಯಲ್ಲಿ ಮಾತ್ರ ಒಂದಿಷ್ಟು ಹಳದಿ ಜಾಗ ಹಾಗೇ ಇತ್ತು. ಅದರಲ್ಲಿ ಅವನ ಅಂಗಡಿಯ ಹೆಸರು, ಮೊಬೈಲ್ ನಂಬರು.

"ಎಲ್ಲಾ ಕೊಯ್ದಿ, ಇದೊಂದು ಬಿಟ್ಟೀಯಲ್ಲೋ?" ಅಂದೆ.

"ಅದು ಹೋದ್ರ ಮುಂದಿನ ಆರ್ಡರ್ ಯಾರ್ ಕೊಡ್ತಾರ್ರಿ ಸರ್?" ಅಂದು ಅವನು ಪ್ರಿಂಟ್ ಒತ್ತಿದ.